ಆಕ್ಷೇಪಣೆ ಏಳಕ್ಕೆ ಸಮಜಾಯಿಷಿ

ಸಾಹೇಬ್ರ, ಬೆಂಗಳೂರಿನಿಂದ ಬಂದು
ನಮ್ಮ ಯಾದಗಿರಿ ಆಫೀಸಿನ ರಿಜಿಸ್ಟರ್ ತಿರುವಿ ಹಾಕಿ
ಕೆಂಪು ಶಾಯಿಲೇ ಬರ್ದೀರಿ:
‘ಹಾಲಿನ ಮಾದರಿ ಒಂದು, ಲ್ಯಾಬಿನಿಂದ ತಿರಸ್ಕೃತ.
ಮುದ್ರೆ ತಾಳೆಯಾಗಿಲ್ಲ. ಕಾರಣ ತಿಳಿಸುವುದು.’
ಕಾರಣ ನಾನೇ ರೀ. ಸೈಬಣ್ಣ, ಜವಾನ.

ಆವತ್ತು ಶುಕ್ರವಾರ. ಸ್ಟೇಷನ್ ರಸ್ತಾದಾಗ
ನಾಗಿಂದ್ರಮ್ಮನ ಕ್ಯಾನಿನ ಹಾಲು ನಾಕು ಪಾಲು ಮಾಡಿದ್ವಿ,
ರೊಕ್ಕ ಕೊಟ್ವಿ, ಹೆಬ್ಬಟ್ಟು ಒತ್ತಿಸಿಕೊಂಡ್ವಿ.
ಶೀಷೆದಾಗ ಫಾರ್ಮಾಲಿನ್ ಹನಿ ಬಿಡೋದು ನೋಡಿ
‘ನನ್ನ ಹಾಲಿಗೆ ಏನ್ ಹಾಕ್ಲಕತ್ತಿ?’ ಅಂದ್ಲು.
‘ಔಷಧ ಬೇ. ಕೆಡಬಾರದಂತ.’
‘ಕೆಡದಿದ್ರ ಅದು ಹಾಲು ಹ್ಯಾಂಗಾತೋ ಯಪ್ಪ?’
ಇದಕ್ಕ ನಮ್ಮ ಫಾರಮಿನಾಗ ಜಾಗ ಇಲ್ಲ.

ಜೀಪಿಗೆ ಡೀಸೆಲ್ ಇದ್ದಿಲ್ಲ, ಅದು ನಿಮ್ಮ ಆಕ್ಷೇಪಣೆ ಮೂರು.
ಪ್ಯಾಸೆಂಜರ್ ಹತ್ತಿದೆ. ಶೀಷೆ ತೊಡಿ ಮ್ಯಾಲ,
ಅದರ ಸುತ್ತ ಹಸಿ ವಸ್ತ್ರ. ವಾಡಿ ಜಂಕ್ಷನ್ನಿನಾಗ
ಗಾಡಿ ನಿಂತಿದ್ದು ನಿಂತೇ ಬಿಡ್ತು. ಚೈತ್ರದ ಬಿಸಿಲು,
ಕಿಟಕಿ ಸರಳು ಮುಟ್ಟಿದ್ರ ಚುರ್ ಅಂತಿತ್ತು.
ಎದುರಿನ ಕೂಸು ಶೀಷೆ ನೋಡಿ ಅಳಲಕ ಸುರು ಮಾಡ್ತು.
‘ಒಂದು ಗುಟುಕು ಕೊಡ್ರಿ ಅಣ್ಣಾ’ ಅಂದ್ಲು ಅದರ ತಾಯಿ.
ಬರಂಗಿಲ್ಲವ್ವ ಅಂದೆ. ಸರ್ಕಾರದ್ದು ಅಂದೆ.
ಆಕಿ ನನ್ನ ಮಾರಿ ನೋಡಿದ್ಲು, ನೋಡಿ
ಕೂಸಿನ ಮಾರಿ ಆ ಕಡೆ ತಿರುವಿದ್ಲು.

ವಸ್ತ್ರದ ಸಮೇತ ಶೀಷೆ ಬಗಲಾಗ ಒತ್ತಿಕೊಂಡು
ಇಳದು, ಒಂದು ಕಪ್ ಹಾಲು ತಂದುಕೊಟ್ಟೆ.
ಯಾರ ಹಾಲೋ, ಯಾವ ನೀರೋ, ಯಾರು ತಪಾಸಿದ್ರೋ?
ಕೂಸು ಕುಡಿದು ಮಲಗ್ತು. ನಾನು ಕಲಬುರಗಿ ತನಕ
ಅದರ ಹೊಟ್ಟಿ ಏಳೋದು ಇಳಿಯೋದು ಎಣಿಸಿಕೋತ ಕುಂತೆ.

ಅಷ್ಟರಾಗ ಅರಗು ಮೆತ್ತಗಾಗಿತ್ರಿ.
ಮುದ್ರೆ ಅಕ್ಷರ ಎಲ್ಲಾ
ಬೆಲ್ಲದಂಗ ಒಂದರಾಗೊಂದು ಕೂಡಿಬಿಟ್ಟಿದ್ವು.
ಲ್ಯಾಬಿನ ಕಿಟಕಿ ಮುಚ್ಚಿತ್ತು. ಮರುದಿನ ಎರಡನೇ ಶನಿವಾರ,
ಆಮ್ಯಾಲ ಐತವಾರ. ತಂಗಿ ಮನಿ ಮಾಡದಾಗ,
ದೀಪದ ಬಾಜೂಕ, ಮೂರು ರಾತ್ರಿ ಇಟ್ಟಿದ್ದೆ.
ಆಕಿ ಮಕ್ಕಳಿಗೆ ಆ ಕೋಲಿಗೇ ಬಿಡಲಿಲ್ಲ.

ಸೋಮವಾರ ‘ತಾಳೆಯಾಗಿಲ್ಲ’ ಅಂದ್ರು.
ಕೆಟ್ಟಿತ್ತೋ ಚಲೋ ಇತ್ತೋ, ಯಾರೂ ಮುಚ್ಚಳ ತಗೀಲಿಲ್ಲ.
ನಾಗಿಂದ್ರಮ್ಮ ಇವತ್ತಿಗೂ ಕ್ಯಾನ್ ಇಳಿಸಿ ಕೇಳ್ತಾಳ,
‘ನನ್ನ ಹಾಲು ಏನಂತು?’

ಲಗತ್ತು: ರೈಲು ಚೀಟಿ, ಒಂದು.
ಕಪ್ ಹಾಲಿಗೆ ರಸೀದಿ ಕೊಡಲಿಲ್ರಿ.