ಬಿಸಿಯಾಗದ್ದು

ಗ್ಯಾಸ್ ಬಿಲ್ಲಿನ ಬೆನ್ನ ಮೇಲೆ
ಕೂಡಿ ಕಳೆದಳು ಲಮಾರಾ:
ವಾಷಿಂಗ್ ಮಷೀನಿನ ಕೈಪಿಡಿಗಳ ಅನುವಾದ
ಮುನ್ನೂರು ಪುಟವಾದರೆ ಒಂದು ಲ್ಯಾಪ್‌ಟಾಪ್,
ನೂರಾಹತ್ತಕ್ಕೆ ಟ್ಯಾಬ್ಲೆಟ್.
ಅದಕ್ಕೆ ಕೀಲಿಮಣೆ ಬೇರೆ ಕೊಳ್ಳಬೇಕಂತೆ,
ಚಪ್ಪಲಿಗೆ ಉಂಗುಷ್ಟ ಬೇರೆ ಮಾರಿದ ಹಾಗೆ.

ತ್ಬಿಲಿಸಿಯ ಅಂಗಡಿಯಲ್ಲಿ, ಮೊನ್ನೆ ಬಂದಿಳಿದದ್ದನ್ನು
ಹುಡುಗ ಅಂಗೈಯಲ್ಲೆತ್ತಿ ತೋರಿಸಿದ:
"ಫ್ಯಾನೇ ಇಲ್ಲಮ್ಮಾ. ಸದ್ದಿಲ್ಲ.
ಎಷ್ಟು ದುಡಿಸಿದರೂ ಬಿಸಿಯಾಗಲ್ಲ."

ಮುಟ್ಟಿದಳು.
ತೊಳೆದು ಬೋರಲಿಟ್ಟ ತಟ್ಟೆ.

ಮನೆಯಲ್ಲಿ ಹಳೆಯದು
ಒಂದು ಗುಂಡಿ ಉದುರಿಸಿಕೊಂಡು
ಗೊರಗೊರ ಉಬ್ಬಸಪಡುತ್ತ
ಜನವರಿಯ ನಡುರಾತ್ರಿ, ಹೀಟರು ಆರಿಸಿದ ಮೇಲೂ,
ಅವಳ ಮಂಡಿಯ ಮೇಲೆ ಕೂತು
ಬಟ್ಟೆ ಹಿಂಡುವ ವೇಗಗಳ ಕೋಷ್ಟಕ ಮುಗಿಸುತ್ತದೆ.

"ಯೋಚಿಸ್ತೇನೆ" ಅಂದಳು.
ಹುಡುಗ ಬೆಲೆ ಇಳಿಸಿದ.

ಬಸ್ಸಿನಲ್ಲಿ ಬಿಲ್ಲು ಬಿಚ್ಚಿ ತಿದ್ದಿದಳು:
ಎಂಟು ಪುಟ ಉಳಿತಾಯ.
ಮಂಡಿ ಇನ್ನೂ ಒಪ್ಪಿಲ್ಲ.