ಸೀಸದ ಮುದ್ರೆ

ಕರ್ತನೇ, ಗಂಟೆ ಮೂರೂವರೆ. ಜೆಪ್ಪುವಿನಲ್ಲಿ ಕರೆಂಟಿಲ್ಲ.
ಪಕ್ಕದ ಮನೆಯ ಇನ್ವರ್ಟರ್ ಮಾತ್ರ ಗುಂಯ್ ಅನ್ನುತ್ತಿದೆ.
ಸುಗುಣ ಮಗ್ಗುಲು ಬದಲಿಸಿ ಕೇಳಿದಳು:
‘ಎಂಥ ಅಳುವುದು ನೀವು? ಅದೇನು ನೀವು ಬರೆದ ಕಾನೂನಾ?’
ಅಲ್ಲ.
ಅದಕ್ಕೇ.

ನಾನು ಬರೆದದ್ದಾಗಿದ್ದರೆ
ನೋಟೀಸು ಅಂಟಿಸಿ, ದಂಡದ ಚೀಟಿ ಹರಿದು ಕೊಟ್ಟು,
ಕೈ ತೊಳೆದು, ಗಂಜಿ ಕುಡಿದು ಮಲಗುತ್ತಿದ್ದೆ.
ಮೂವತ್ತೊಂದು ವರ್ಷ ಹಾಗೆಯೇ ಮಲಗಿದವನು.

ನಿನಗೆ ಗೊತ್ತುಂಟು ನನ್ನ ಕೆಲಸ.
ಕಬ್ಬಿಣದ ಬಟ್ಟಿನ ಬುಡದಲ್ಲೊಂದು ತೂತು,
ತೂತಿನೊಳಗೆ ಸೀಸ, ಸೀಸದ ಮೇಲೆ ಮುದ್ರೆ.
ಸುತ್ತಿಗೆಯ ಒಂದೇ ಪೆಟ್ಟು. ಠಣ್ ಅಲ್ಲ, ಥಪ್.
ಸೀಸ ಕೂಗುವುದಿಲ್ಲ, ಒಪ್ಪಿಕೊಳ್ಳುತ್ತದೆ.
ಕಾರ್ಕಳದ ಸಂತೆಗೆ, ಬಂಟ್ವಾಳದ ಅಕ್ಕಿ ಮಂಡಿಗೆ
ಪೆಟ್ಟಿಗೆ ಹೊತ್ತು ಬಸ್ಸು ಹತ್ತುವಾಗ
ನಿನ್ನ ಮಾತನ್ನೇ ಮಡಿಲಲ್ಲಿಟ್ಟುಕೊಂಡಿದ್ದೇನೆ ಅನಿಸುತ್ತಿತ್ತು,
ಒಂದು ಕಿಲೋ, ಅರ್ಧ, ಕಾಲು, ನೂರು ಗ್ರಾಮು.

ಈಗ ಎಲ್ಲಾ ಬ್ಯಾಟರಿ ತಕ್ಕಡಿ, ಕೆಂಪು ಅಂಕಿ.
ನನ್ನ ಚೀಲದಲ್ಲಿ ಮಾತ್ರ ಹಳೆಯ ಕರವಸ್ತ್ರ ಸುತ್ತಿದ
ಒಂದು ಕಿಲೋದ ಹಿತ್ತಾಳೆ ಬಟ್ಟು.
ಮರುಳು ಅನ್ನುತ್ತಾರೆ. ಅನ್ನಲಿ.
ಕಂಕನಾಡಿಯ ಈರುಳ್ಳಿ ಗಾಡಿಯಲ್ಲಿ ಇಟ್ಟೆ:
ಒಂದು ಕಿಲೋ ನೂರಾ ಹತ್ತು.
ಗಾಡಿಯವ ನಕ್ಕು ಎರಡು ಈರುಳ್ಳಿ ಹೆಚ್ಚಿಗೆ ಹಾಕಿದ.
ನನಗೆ ಈರುಳ್ಳಿ ಬೇಕಿರಲಿಲ್ಲ.
ನಮ್ಮ ಸಭೆಯ ಹಿರಿಯ ಎಫ್ರಾಯಿಮನ ಅಂಗಡಿಯಲ್ಲಿ ಇಟ್ಟೆ:
ಒಂದು ಕಿಲೋ ಅರುವತ್ತು.
‘ಬ್ಯಾಟರಿ ವೀಕು ಮಾರಾಯ್ರೆ,’ ಅಂದ.
ಭಾನುವಾರ ಅವನೇ ಆಜ್ಞೆಗಳನ್ನು ಓದಿದ, ಒಳ್ಳೆಯ ಕಂಠ.
ಎಂಟನೆಯದಕ್ಕೆ ಬಂದಾಗ ಅವನ ಸ್ವರ ತಗ್ಗಲಿಲ್ಲ.
ಆಮೆನ್ ಅಂದ ನನ್ನದೂ.

ಸಿಟ್ಟು ಬಂದಿದ್ದರೆ ಸುಲಭವಿತ್ತು, ಕರ್ತನೇ.
ಬಂದದ್ದು ಬೇರೆ: ಮನೆಯಲ್ಲಿ ತಂದೆ ಮಾತಾಡುತ್ತಿರುವಾಗ
ಮಕ್ಕಳೆಲ್ಲ ಟಿವಿಯ ಸೌಂಡು ಜಾಸ್ತಿ ಮಾಡಿದ ಹಾಗೆ.
ತಂದೆಯ ಮುಖ ನೋಡಲಾಗದೆ
ನಾನೊಬ್ಬ ನೆಲ ನೋಡುತ್ತಾ ಕೂತ ಹಾಗೆ.

ನಿನ್ನೆ ಸ್ಟೇಟ್ ಬ್ಯಾಂಕಿನ ಮೀನು ಮಾರ್ಕೆಟ್ಟು.
ಕಮಲಾಕ್ಷಿಯ ತಟ್ಟೆಯಲ್ಲಿ ಬಂಗುಡೆ ಸರಿಸಿ ಬಟ್ಟು ಇಟ್ಟೆ.
ಒಂದು ಕಿಲೋ ನೂರಾ ನಲುವತ್ತು.
ಅವಳು ನಾಚಲಿಲ್ಲ, ಬೈಯಲೂ ಇಲ್ಲ.
‘ದಕ್ಕೆಯಲ್ಲಿ ಬುಟ್ಟಿಗೆ ಎರಡು ಕಿಲೋ ನನಗೇ ಕಮ್ಮಿ.
ಬೆಳಗ್ಗೆ ನಾಲ್ಕಕ್ಕೆ ಬನ್ನಿ, ಅಲ್ಲಿ ಇಡಿ ಇದನ್ನು.’
ಆಮೇಲೆ ಸೆರಗಿನಲ್ಲಿ ಕೈ ಒರಸಿ
ಬಟ್ಟನ್ನು ಎತ್ತಿ ತಿರುಗಿಸಿ ನೋಡಿದಳು,
ಮಗುವಿನ ಕೆನ್ನೆ ಸವರುವ ಹಾಗೆ ಸವರಿದಳು.
‘ಲಾಯ್ಕುಂಟು. ಎಲ್ಲಿ ಸಿಕ್ಕಿತು ಅಜ್ಜೆರೇ?’

ಎಲ್ಲಿ ಸಿಕ್ಕಿತು.

ಕಚೇರಿಯ ಕೊನೆಯ ದಿನ. ಹಾರ, ಶಾಲು, ಎರಡು ಜಿಲೇಬಿ.
ಸಾಮಾನಿನ ಪಟ್ಟಿಗೆ ನಾನೇ ಸಹಿ ಹಾಕಿದೆ: ಎಲ್ಲಾ ಸರಿ ಇದೆ.
ಇದು ಚೀಲದಲ್ಲಿತ್ತು.
ನೆನಪಿಗೆ ಅಂತ. ಯಾರೂ ಕೇಳಲಿಲ್ಲ, ಕೇಳುವವರಿರಲಿಲ್ಲ.
ಹನ್ನೆರಡು ವರ್ಷದಲ್ಲಿ ಒಂದು ದಿನವೂ
ಅದಕ್ಕೆ ‘ಕದ್ದದ್ದು’ ಅಂತ ಹೆಸರಿಟ್ಟಿರಲಿಲ್ಲ ನಾನು.

ಅವಳಿಗೆ ಏನೋ ಅಂದೆ. ಮೀನು ಬಿಟ್ಟು ಬಂದೆ.
ಹಂಪನಕಟ್ಟೆಯ ತನಕ ಚೀಲ ಭುಜ ಜಗ್ಗುತ್ತಿತ್ತು,
ಒಂದೇ ಕಿಲೋ, ಒಂದು ಗ್ರಾಮು ಹೆಚ್ಚಲ್ಲ.

ಈಗ ಅದು ತೊಡೆಯ ಮೇಲಿದೆ. ತಣ್ಣಗಿದೆ.
ಇದರ ತೂಕದಲ್ಲಿ ಸುಳ್ಳಿಲ್ಲ, ಅದೇ ಕಷ್ಟ.
ಊರಿಗಾಗಿ ಅತ್ತದ್ದೂ ಸುಳ್ಳಲ್ಲ, ನಿನ್ನಾಣೆ.
ಅವರು ನಿನ್ನ ಮಾತು ಮರೆತದ್ದಕ್ಕೆ ಈಗಲೂ ನೋಯುತ್ತದೆ,
ನೋಯುವ ಹಕ್ಕು ಇದೆಯೋ ಇಲ್ಲವೋ.

ಸುಗುಣ ಎದ್ದು ಕೂತಳು. ಕತ್ತಲಲ್ಲಿ ಕೈ ಚಾಚಿ
ಬಟ್ಟನ್ನು ಮುಟ್ಟಿ, ಕೈ ಹಿಂದೆಗೆದಳು.
‘ಇದನ್ನು ಕೊಟ್ಟು ಬರುವಾ. ಆಫೀಸು ಹತ್ತಕ್ಕೆ ತೆಗೆಯುತ್ತದೆ.’
ಗೊತ್ತಿತ್ತೋ ಇವಳಿಗೆ ಮೊದಲೇ?
ಕೇಳಲಿಲ್ಲ.

ಹತ್ತಕ್ಕೆ ಮುಂಚೆ, ಸಾಧ್ಯವಾದರೆ, ನಾಲ್ಕಕ್ಕೆ
ದಕ್ಕೆಗೆ ಒಮ್ಮೆ ಹೋಗಬೇಕು ಅಂತಿದೆ.
ಬರಿಗೈಯಲ್ಲಿ.
ನೀನೂ ಬರುವುದಾದರೆ ಚಪ್ಪಲಿ ಹಾಕಿಕೋ,
ಅಲ್ಲಿ ನೆಲವೆಲ್ಲ ಮೀನಿನ ನೀರು.