ಮೂರನೇ ಗುಳಿ

ಬಾ ಲಿಸೆಟ್, ಕಿವಿಗೆ ಹತ್ತಿ ತುರುಕಿಕೊ,
ಕೂದಲು ಬಿಗಿಯಾಗಿ ಕಟ್ಟು. ಇದು ನಿನ್ನ ಮಷೀನು.
ರಾತ್ರಿ ಹತ್ತರಿಂದ ಬೆಳಗಿನ ಆರು.
ಹೊರಗೆ ಸುಟ್ಟ ಪೈನ್ ಕಾಡು; ಮಳೆ ಬಿದ್ದರೆ
ಇವತ್ತಿಗೂ ಬೂದಿಯ ವಾಸನೆ. ಒಳಗೆ ಬರೀ ಎಣ್ಣೆಯದು.

ಈ ಮರಿನ್ಯ ಗ್ರಾಂದೆಯಲ್ಲಿ ಮುಂಚೆ ಗಾಜು ಊದುತ್ತಿದ್ದರು,
ನನ್ನಪ್ಪನೂ ಊದಿದ, ಕೆನ್ನೆ ಜೋಲುವ ತನಕ.
ಗಾಜಿಗೆ ಉಸಿರು ಬೇಕಿತ್ತು.
ಇದಕ್ಕೆ ಬೇಡ.

ಮೇಲೆ ನೋಡು, ಆ ಆಲಿಕೆಯಲ್ಲಿ ಸಾಬಕ್ಕಿಯಂಥ ಕಾಳು.
ಒಂದು ಹಿಡಿ ತಗೊ. ತಣ್ಣಗಿದೆ, ಅಲ್ಲವೇ?
ಇನ್ನು ಮೂರು ನಿಮಿಷಕ್ಕೆ ಇದು ಜೇನು.
ಕೊಳವೆಯೊಳಗೆ ತಿರುಪು ತಿರುಗುತ್ತಾ ತಿರುಗುತ್ತಾ
ಕಾಳನ್ನು ಮುಂದಕ್ಕೆ ದಬ್ಬುತ್ತದೆ.
ಸುತ್ತ ಕಟ್ಟಿದ ಹೀಟರು ಕರಗಿಸುತ್ತದೆ ಅಂತ
ಎಲ್ಲರೂ ತಿಳಿಯುತ್ತಾರೆ. ಅರ್ಧ ನಿಜ.
ಒಂದನ್ನೊಂದು ಉಜ್ಜಿ, ಗೋಡೆಗೆ ತಿಕ್ಕಿ,
ತಮ್ಮ ಬಿಸಿಗೆ ತಾವೇ ಕರಗುವುದೇ ಹೆಚ್ಚು,
ಒಂದೇ ಅಡುಗೆಮನೆಯ ಓರಗಿತ್ತಿಯರ ಹಾಗೆ.

ಮೂತಿಯ ಬಳಿ ಕರಗಿದ್ದು ಕೂಡಿದಷ್ಟೂ
ತಿರುಪು ಹಿಂದೆ ಹಿಂದೆ ಸರಿಯುತ್ತದೆ.
ಟಗರು ಹಿಂದೆ ಸರಿಯುವುದು ಯಾತಕ್ಕೆಂದು
ನಿನಗೆ ನಾನು ಹೇಳಬೇಕಾಗಿಲ್ಲ.

ಅಚ್ಚು ಮುಚ್ಚಿತು. ಉಕ್ಕಿನ ಎರಡು ಹೋಳು,
ನೂರಿಪ್ಪತ್ತು ಟನ್ನಿನ ಅಪ್ಪುಗೆ,
ಕೂದಲೆಳೆ ನುಸುಳದ ಹಾಗೆ.
ನುಗ್ಗಿತು. ಕಣ್ಣು ಮಿಟುಕಿಸಿದೆಯಾ? ಮುಗಿದೇ ಹೋಯಿತು.
ಎಂಟು ಗುಳಿ, ಎಂಟೂ ತುಂಬಿದವು.

ತುಂಬಿದ ಮೇಲೂ ತಿರುಪು ಕೈ ಬಿಡುವುದಿಲ್ಲ.
ಆರುತ್ತಾ ಪ್ಲಾಸ್ಟಿಕ್ ಮುದುಡುತ್ತದೆ;
ಮುದುಡಿದ ಜಾಗಕ್ಕೆ ಇನ್ನೊಂದು ಗುಟುಕು ಒತ್ತಬೇಕು,
ಇಲ್ಲವಾದರೆ ಕೆನ್ನೆ ಗುಳಿ ಬೀಳುತ್ತದೆ,
ನೋಡಲು ಚೆಂದವಲ್ಲದ ಕಡೆಯಲ್ಲಿ.
ಆಮೇಲೆ ಕಾಯುವುದು. ಇಡೀ ಕೆಲಸದಲ್ಲಿ
ಹೆಚ್ಚು ಹೊತ್ತು ತಿನ್ನುವುದು ಇದೇ.
ಉಕ್ಕಿನೊಳಗೆ ಕೊರೆದ ದಾರಿಯಲ್ಲಿ ತಣ್ಣೀರು ಹರಿಯುತ್ತದೆ,
ನಾವು ನಿಂತಿರುತ್ತೇವೆ.
ನಾನು ರೊಟ್ಟಿ ತಿಂದದ್ದು, ಒಂದು ವರ್ಷ ಪೂರ್ತಿ ಅತ್ತದ್ದು,
ಮಗಳ ಸ್ವೆಟರಿಗೆ ಗುಂಡಿ ಹೊಲಿದದ್ದು,
ಎಲ್ಲ ಈ ಹನ್ನೊಂದು ಸೆಕೆಂಡುಗಳಲ್ಲಿ, ಚೂರು ಚೂರಾಗಿ.

ತೆರೆಯಿತು. ಕಡ್ಡಿಗಳು ಹಿಂದಿನಿಂದ ನೂಕುತ್ತವೆ,
ಟಪಟಪ ಉದುರುತ್ತವೆ ಔಷಧಿ ಅಳೆಯುವ ಬಟ್ಟಲು.
ಬುಡ ತಿರುಗಿಸಿ ನೋಡು: ಯಾವ ಗುಳಿಯಲ್ಲಿ
ಹುಟ್ಟಿತೋ ಅದರ ನಂಬರು. ಮೂರರದ್ದು ಹುಡುಕು.
ಈಗ ಹತ್ತರ ಗೆರೆಯ ಪಕ್ಕ ಹೆಬ್ಬೆರಳಾಡಿಸು.
ತಾಗಿತಾ? ಎಳೆಯಷ್ಟು ಉಬ್ಬು, ಓರೆಯಾಗಿ.

ಅದು ನಾನು.

ಸೇರಿದ ಮೊದಲ ಚಳಿಗಾಲ. ಬಟ್ಟಲೊಂದು ಕಚ್ಚಿಕೊಂಡಿತು.
ಹಿತ್ತಾಳೆ ಕಡ್ಡಿಯಿಂದಲೇ ಎಬ್ಬಿಸು ಎಂದು
ನೂರು ಸಲ ಹೇಳಿದ್ದರು. ನಿದ್ದೆಗಣ್ಣು;
ಕೈಗೆ ಸಿಕ್ಕಿದ್ದು ಉಕ್ಕಿನ ಸ್ಕ್ರೂಡ್ರೈವರು.
ಫಿರ್ಮಿನೊ ಟಾರ್ಚು ಬಿಟ್ಟು ಇಣುಕಿದ. ಬಯ್ಯಲಿಲ್ಲ.
ವಜ್ರದ ಪುಡಿ ಹಚ್ಚಿ ಆರು ವಾರ ಉಜ್ಜಿ
ಆ ಗುಳಿಗಳನ್ನು ಕನ್ನಡಿ ಮಾಡಿದ್ದವನು ಅವನೇ.
'ಮತ್ತೆ ತಿಕ್ಕಿದರೆ ಅಳತೆ ಕೆಡುತ್ತದೆ, ಇರಲಿ ಬಿಡು'
ಅಂದು ಕನ್ನಡಕ ಒರೆಸಿಕೊಂಡ, ಬಹಳ ಹೊತ್ತು.

ಅಚ್ಚಿನಲ್ಲಿ ತಗ್ಗಾದದ್ದು ಬಟ್ಟಲಲ್ಲಿ ಉಬ್ಬು.
ಇಪ್ಪತ್ತೇಳು ವರ್ಷ. ಲೆಕ್ಕ ಹಾಕಲು ಹೋಗಬೇಡ,
ನಾನು ಹಾಕಿ, ಹೆದರಿ, ಬಿಟ್ಟಿದ್ದೇನೆ.
ಅವನು ಉಜ್ಜಿದ್ದು ಯಾರ ಬೆರಳಿಗೂ ತಿಳಿಯುವುದಿಲ್ಲ,
ಅಷ್ಟು ಅಚ್ಚುಕಟ್ಟು ಅವನ ಕೆಲಸ.
ಗೀರಿದ್ದು ಮಾತ್ರ ತಿಳಿಯುತ್ತದೆ.

ಹೋದ ವಾರ ಲೈರಿಯದ ಆಸ್ಪತ್ರೆಗೆ ಹೋಗಿದ್ದೆ.
ಫಿರ್ಮಿನೊನ ಕಣ್ಣು ಹೋಗಿದೆ, ಬೆರಳು ಹೋಗಿಲ್ಲ.
ನರ್ಸು ಬಿಟ್ಟುಹೋದ ಕೆಮ್ಮಿನ ಔಷಧಿ ಕೈಗಿಟ್ಟೆ.
ಬಟ್ಟಲನ್ನು ಒಂದು ಸುತ್ತು ತಿರುಗಿಸಿದ, ನಿಲ್ಲಿಸಿದ.
'ಇಡಾಲಿನ, ಹತ್ತರ ಹತ್ತಿರ ಯಾರೋ ಗೀಚಿದ್ದಾರೆ.'
'ಗೊತ್ತು' ಅಂದೆ, 'ಕುಡಿ.'

ಅಗೋ, ಐದನೆಯದು ಕಚ್ಚಿಕೊಂಡಿತು.
ಮಷೀನು ನಿಲ್ಲಿಸು. ಗಾಬರಿ ಬೇಡ.
ಕಡ್ಡಿ ಅಲ್ಲಿದೆ ನೋಡು, ಮೊಳೆಗೆ ನೇತುಹಾಕಿದ್ದೇನೆ,
ಹಿತ್ತಾಳೆಯದು.